ಕೊಂಡಿಗೆ ಸುತ್ತಿದ ತಂತಿ

ಮುಂದಿನ ಸೀಟಿನ ಹೆಂಗಸಿನ ಸೆರಗಿಗೆ ಚುಚ್ಚಿದ ಪಿನ್ನು ಬಾಯಿ ಬಿಟ್ಟಿದೆ, ಬಸ್ಸು ಇನ್ನೊಂದು ಹಂಪು ಹತ್ತಿದರೆ ಬಿದ್ದೇ ಹೋಗುತ್ತದೆ, ಹೇಳಬೇಕು, ಅಮ್ಮಾ ನಿಮ್ಮ ಪಿನ್ನು ಎಂದು ಬಾಯಿ ತೆರೆದ ಚೈತ್ರಾ ಹಾಗೆಯೇ ಮುಚ್ಚಿಕೊಂಡಳು, ಪಿನ್ನು ಎಂಬ ಮಾತೇ ನಾಲಿಗೆಗೆ ಬೇಡವಾಗಿತ್ತು, ಹಡಗಿಳಿದು ಕೋಡಿಹಳ್ಳಿಯ ಮನೆಗೆ ಬಂದಾಗಿನಿಂದ ಅವಳ ತಲೆಯಲ್ಲಿ ಗಿರಕಿ ಹೊಡೆಯುತ್ತಿರುವುದೂ ಒಂದು ಪಿನ್ನೇ, ಹೆಬ್ಬೆರಳ ಗಾತ್ರದ್ದು, ಸರಪಳಿಗೂ ಕಬ್ಬಿಣದ ಚೌಕಟ್ಟಿಗೂ ನಡುವಿನ ಕೊಂಡಿಯದು, ಅದು ತಿರುಗಿ ಬಿಚ್ಚಿಕೊಳ್ಳದ ಹಾಗೆ ಕೊನೆಗೆ ತಂತಿ ಸುತ್ತಬೇಕು, ಜೊತೆಯಲ್ಲಿ ಕೆಲಸ ಮಾಡುವ ನೂರೀನ್ ಸುತ್ತಿದ್ದಳೇ, ಸುತ್ತಿದ್ದರೆ ಪಕ್ಕದಲ್ಲೇ ನಿಂತಿದ್ದ ತನಗೇಕೆ ಕಾಣಲಿಲ್ಲ, ತನಗೆ ಕಂಡದ್ದು ಅವಳ ಬೆನ್ನು ಮಾತ್ರ, ಗಾಳಿಗೆ ಉಬ್ಬಿದ ಕಿತ್ತಳೆ ಬಣ್ಣದ ಕೋಟು, ಆಮೇಲೆ ಅವಳು ಕೈಯೆತ್ತಿ ಆಯ್ತು ಇಳಿಸಿ ಎಂದಳು, ಕ್ರೇನು ನರಳಿತು, ಚೌಕಟ್ಟು ನೀರಿಗಿಳಿಯಿತು, ಒಳಗೊಂದು ಅಳೆಯುವ ಯಂತ್ರ, ಮೇಲೆ ತೇಲುಬುರುಡೆ, ಕೆಳಗೆ ಸರಪಳಿಗೆ ಬಿಗಿದ ಭಾರ, ಪೂರ್ವ ಕರಾವಳಿಯಾಚೆ ಬೆಳಕೇ ಕಾಣದ ಆಳದ ಕಂದರಕ್ಕೆ — ಹೊಳೆಗಳು ತಂದು ಕಡಲಂಚಿನ ಇಳಿಜಾರಿನಲ್ಲಿ ಪೇರಿಸುವ ಕೆಸರು ಯಾವಾಗ ಜಾರುತ್ತದೆ, ಜಾರಿದ್ದು ಕಂದರದೊಳಗೆ ಎಷ್ಟು ಜೋರಾಗಿ ಓಡುತ್ತದೆ, ಅದನ್ನು ಹಿಡಿಯುವುದೇ ಅವರಿಬ್ಬರ ಕೆಲಸ. ಒಂದು ಮಳೆಗಾಲ ಕಳೆದು ಎತ್ತಲು ಹೋದರೆ ಕೆಳಗೆ ಏನೂ ಇಲ್ಲ, ಮೇಲಿಂದ ಸದ್ದು ಕಳಿಸಿದರೆ ಓಗೊಡಬೇಕಾದ ಯಂತ್ರ ಓಗೊಡಲಿಲ್ಲ, ಇಡೀ ಹಗಲು ಕೂಗಿ ಕೂಗಿ ಸಾಕಾಯಿತು, ಹಡಗಿನವರೆಲ್ಲ ಕಡಲನ್ನು ನೋಡುತ್ತಿದ್ದರೆ ಚೈತ್ರಾ ನೂರೀನಳ ಮುಖವನ್ನೇ ನೋಡುತ್ತಿದ್ದಳು, ಆ ಮುಖದಲ್ಲಿ ಗಾಬರಿಯಿಲ್ಲ, ಅಳುವಿಲ್ಲ, ಏಕಿಲ್ಲ.

ಸಮುದ್ರದಡೀಲೂ ಮಣ್ಣು ಜಾರ್ತದಾ ಎಂದು ಅಪ್ಪ ಲಕ್ಷ್ಮಯ್ಯ ನಿನ್ನೆ ಕೊಟ್ಟಿಗೆಯ ಮುಂದೆ ಕೂತು ಕೇಳಿದ್ದ, ಜಾರ್ತದೆ ಅಪ್ಪ, ಅಲ್ಲೂ ಗುಡ್ಡ ಐತೆ, ಕೊರಕಲು ಐತೆ, ವರ್ಷಾನುಗಟ್ಟಲೆ ಒಸಿ ಒಸಿ ಕೂತ ಕೆಸರು ಒಂದಿನ ತಡೀದೆ ಕಿತ್ಕಂಡು ಹೋಯ್ತದೆ, ಮೇಲಿರೋ ಹಡಗಿಗೆ ಗೊತ್ತೇ ಆಗಲ್ಲ ಎಂದಳು, ಅಪ್ಪನಿಗೆ ಖುಷಿ, ಹಂಗಾದ್ರೆ ನಮ್ ಹೊಲದ ಮಣ್ಣು ಅರ್ಕಾವತೀಗೆ ಬಿದ್ದು ಸಂಗಮ ದಾಟಿ ಅಲ್ಲಿಗೇ ಹೋಯ್ತದೆ ಅನ್ನು, ಇಲ್ಲಪ್ಪ, ಅದ್ರಲ್ಲಿ ಮುಕ್ಕಾಲು ಪಾಲು ಮೆಟ್ಟೂರು ಕಟ್ಟೇಲೇ ಕೂತ್ಕತದೆ, ಅಪ್ಪನ ಮುಖ ಸಣ್ಣದಾಯಿತು, ಹಂಗಾದ್ರೆ ನಿನ್ ಮಿಷಿನ್ನು ಜಾರಿದ ಮಣ್ಣೇ ಹೊತ್ಕಂಡು ಹೋಗಿರಬೌದಲ್ಲ ಎಂದ, ಇರಬಹುದು, ಅದನ್ನು ಅವಳೂ ಯೋಚಿಸದೆ ಇರಲಿಲ್ಲ, ಆದರೆ ಆ ಕಂದರ ಸದ್ಯಕ್ಕೆ ಅಲ್ಲಾಡದ್ದು, ಸಾವಿರಾರು ವರ್ಷ ಮಲಗಿಯೇ ಇದೆ ಎಂದು ಜಯಕುಮಾರ್ ಸರ್ ಮೊದಲಿನಿಂದಲೂ ಹೇಳಿದವರು, ತಂಡದ ಹಿರಿಯರು, ಮಲಗಿದ ಕಂದರ ಎದ್ದು ಓಡಿತು ಅನ್ನುವುದಕ್ಕಿಂತ ಯಾರೋ ತಂತಿ ಸುತ್ತಲು ಮರೆತರು ಅನ್ನುವುದು ಸುಲಭ, ಮತ್ತೆ ಮುಂದಿನ ಯಾನಕ್ಕೆ ಇಬ್ಬರಲ್ಲಿ ಒಬ್ಬರಿಗೇ ಜಾಗ ಅಂತ ಅವರು ಆಗಲೇ ಅಂದಿದ್ದರು — ಅಂದಿದ್ದರು, ಅದಕ್ಕೂ ತನಗೂ ಸಂಬಂಧವಿಲ್ಲ, ಇದೆಯೇ, ಇಲ್ಲ.

ಅವ್ವ ಹನುಮಂತಮ್ಮ ಚೀಲದ ತುಂಬ ಅವರೆಕಾಯಿ ತುಂಬಿ ಕೊಟ್ಟಿದ್ದಾಳೆ, ಹಡಗಲ್ಲಿ ವಾಂತಿ ಮಾಡ್ಕಂಡು ಬಿದ್ದಿದ್ದಾಗ ನಿನ್ನ ನೋಡ್ಕಂಡ ಹುಡ್ಗಿ, ಅವಳ ಮನೆಗೆ ಬರಿಗೈಲಿ ಹೋಗ್ಬ್ಯಾಡ ಎಂದು. ಹೌದು, ನೋಡಿಕೊಂಡಳು, ತಲೆ ಹಿಡಿದಳು, ಗಂಜಿ ಕುಡಿಸಿದಳು, ಆ ಒಳ್ಳೆಯತನದ ಮೇಲೂ ಈಗ ಅನುಮಾನ, ಅಷ್ಟೊಂದು ಏಕೆ ನೋಡಿಕೊಂಡಳು, ಹಡಗಿಳಿದ ಮೇಲೆ ಒಂದು ಫೋನೂ ಮಾಡದವಳು ನಿನ್ನೆ ಇದ್ದಕ್ಕಿದ್ದಂತೆ ಊಟಕ್ಕೆ ಬಾರೇ ಎಂದಳಲ್ಲ, ಏನಿರಬಹುದು, ನಾನು ಸುತ್ತಿದ್ದನ್ನು ನೋಡಿದೆ ಅಂತ ಸರ್‌ಗೆ ಹೇಳು ಎಂದು ಕೇಳಲಿಕ್ಕೇ ಇರಬೇಕು, ಬಸ್ಸು ರಾಮನಗರ ದಾಟಿ ಆಗಲೇ ಕಾಲುಗಂಟೆಯಾಯಿತು, ರಾಮನಗರದ ಬಸ್‌ಸ್ಟ್ಯಾಂಡು, ಅಲ್ಲಿ ಬಸ್ಸು ಬದಲಿಸುವಾಗಲೇ ಸರ್ ಫೋನು ಬಂದದ್ದು, ಕಂಡಕ್ಟರನ ಕೂಗಿನ ನಡುವೆ ಒಂದು ಕಿವಿ ಮುಚ್ಚಿಕೊಂಡು, ನೂರೀನ್ ತಂತಿ ಸುತ್ತಿದ್ದನ್ನು ಕಣ್ಣಾರೆ ನೋಡಿದ್ಯೇನಮ್ಮ, ಇಲ್ಲ ಸರ್, ಅದು ನಿಜ, ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ, ಆವತ್ತು ಅವಳಿಗೆ ಏನೋ ಅವಸರ ಇತ್ತು ಸರ್ ಎಂದಳು. ಅವಸರ ಯಾರಿಗಿರಲಿಲ್ಲ, ಮೋಡ ಕವಿದು ಅಲೆ ಎದ್ದಿತ್ತು, ಹಡಗಿಗೆ ಹಡಗೇ ಅವಸರದಲ್ಲಿತ್ತು, ಇರಲಿ, ಸುಳ್ಳಂತೂ ಹೇಳಲಿಲ್ಲ, ಚನ್ನಪಟ್ಟಣ ಇಳೀರಿ ಚನ್ನಪಟ್ಟಣ.

ಗಲ್ಲಿಯ ತುಂಬ ಅರಗಿನ ವಾಸನೆ, ಪಕ್ಕದ ಮನೆಯಲ್ಲಿ ಗೊಂಬೆ ಕಡೆಯುವ ಲೇತು ತಿರುಗುವ ಸದ್ದು, ಬಾಗಿಲಲ್ಲೇ ನಿಂತಿದ್ದ ನೂರೀನ್ ಬಾ ಎಂದಳು, ಅಷ್ಟೇ, ಬಾ, ಹಡಗಿನಲ್ಲಾದರೆ ಎಷ್ಟೊತ್ತೇ ನಿಂದು ಎಂದು ಬೆನ್ನಿಗೊಂದು ಗುದ್ದುತ್ತಿದ್ದವಳು, ಅವಳ ತಾಯಿ ನಾಹಿದಾ ಚೀಲ ಬಿಚ್ಚಿ ಅವರೆಕಾಯಿ ಮೂಸಿ ಒಳ್ಳೆ ಸೊಗಡೈತಮ್ಮ ಎಂದು ಒಳಗೆ ಹೋದರು, ತಟ್ಟೆ ಬಂತು, ತುಪ್ಪದನ್ನ ಬಂತು, ಕುರ್ಮಾ ಬಂತು, ನೂರೀನ್ ಬಡಿಸುತ್ತಾಳೆ, ಸಾಕು ಅಂದರೂ ಬಡಿಸುತ್ತಾಳೆ, ಕಣ್ಣೆತ್ತಿ ನೋಡುವುದಿಲ್ಲ, ಕೇಳುತ್ತಾಳೆ, ಈಗ ಕೇಳುತ್ತಾಳೆ, ಇನ್ನೊಂದು ತುತ್ತಾದ ಮೇಲೆ, ಅವಳು ಕೇಳಿದ್ದು ನಿಮ್ಮಪ್ಪನ ಮಂಡಿನೋವು ಹೆಂಗೈತೆ ಎಂದು. ತಡೆಯಲಾರದೆ ಚೈತ್ರಾಳೇ ಬಾಯಿ ಬಿಟ್ಟಳು, ಸರ್ ನಿನ್ನನ್ನೂ ವಿಚಾರಿಸಿರಬೇಕಲ್ಲ, ಮೊನ್ನೇನೇ ಕೇಳಿದ್ರು, ಇಬ್ರೂ ಸೇರಿ ಕಟ್ಟಿದ್ವಿ, ತಪ್ಪಾಗಿದ್ರೆ ಇಬ್ರದೂ ಅಂದೆ ಎಂದಳು ನೂರೀನ್. ಇಬ್ಬರದು, ಎಷ್ಟು ನಯವಾಗಿ ಅರ್ಧ ತಪ್ಪನ್ನು ನನ್ನ ತಟ್ಟೆಗೆ ಬಡಿಸಿದಳು ಎಂದುಕೊಂಡಳು ಚೈತ್ರಾ, ಅಷ್ಟರಲ್ಲಿ ಇಬ್ಬರ ಫೋನೂ ಒಟ್ಟಿಗೇ ಕುಂಯ್‌ಗುಟ್ಟಿದವು.

ಸರ್ ಕಳಿಸಿದ ಫೋಟೊ, ಯಾವುದೋ ಬೆಸ್ತರ ಹಳ್ಳಿಯ ಮರಳ ಮೇಲೆ ಅವರ ಚೌಕಟ್ಟು, ತೇಲುಬುರುಡೆಯ ಸಮೇತ, ಮೇಲೆದ್ದು ತೇಲುತ್ತಿದ್ದುದನ್ನು ಮೀನುಗಾರರು ದಡಕ್ಕೆ ಎಳೆದು ತಂದಿದ್ದಾರೆ, ಕಬ್ಬಿಣ ಹಿಂಡಿದ ಬಟ್ಟೆಯ ಹಾಗೆ ನುಲಿದಿದೆ, ಸಂದುಸಂದಿನಲ್ಲೂ ಒತ್ತಿ ತುಂಬಿದ ಬೂದು ಕೆಸರು, ನೂರೀನ್ ಎಂಜಲುಗೈಯಲ್ಲೇ ಎದ್ದು ನಿಂತಳು, ಜಾರೈತೆ ಕಣೇ, ಕಂದರ ಜಾರೈತೆ, ಈ ಕೆಸರು ನೋಡು, ಸುಮ್ನೆ ಬಿಚ್ಕಂಡು ಬಂದಿದ್ರೆ ಹಿಂಗ್ ತುಂಬ್ಕಂತಿತ್ತಾ, ಅಷ್ಟು ಹೊತ್ತೂ ಕಾಣದ ಬೆಳಕು ಅವಳ ಮುಖದಲ್ಲಿ, ಚೈತ್ರಾಳ ಬೆರಳು ಮಾತ್ರ ಚಿತ್ರದ ಒಂದು ಮೂಲೆಯನ್ನು ಹಿಗ್ಗಿಸುತ್ತಿತ್ತು, ಕೆಳಗಿನ ಸರಪಳಿ ನಡುವೆ ತುಂಡಾಗಿದೆ, ಆದರೆ ಅದರ ಮೇಲಿನ ಕೊಂಡಿ ಹಾಗೇ ಇದೆ, ಪಿನ್ನು ಇದೆ, ಪಿನ್ನಿಗೆ ತಂತಿ ಇದೆ, ತಂತಿ ಎಡಕ್ಕೆ ಸುತ್ತಿದೆ, ಎಲ್ಲರೂ ಬಲಕ್ಕೆ ಸುತ್ತುತ್ತಾರೆ, ನೂರೀನ್ ಎಡಚಿ, ಹಡಗಿನಲ್ಲಿ ಆ ಕೆಲಸವನ್ನು ಎಡಗೈಯಲ್ಲಿ ಮಾಡುವವಳು ಅವಳೊಬ್ಬಳೇ. ಸುತ್ತಿದ್ದಳು, ಎಡಕ್ಕೆ, ಬಿಗಿಯಾಗಿ, ತುದಿಯನ್ನು ಒಳಕ್ಕೆ ಮಡಚಿ, ಆ ಗಾಳಿಯಲ್ಲಿ, ಆ ಅವಸರದಲ್ಲಿ.

ಚೈತ್ರಾ ತಟ್ಟೆ ಸರಿಸಿ ಹೇಳಿದಳು, ಬೆಳಿಗ್ಗೆ ಸರ್ ಕೇಳ್ದಾಗ ನಿಂಗೆ ಅವಸರ ಇತ್ತು ಅಂದ್ಬುಟ್ಟೆ ನೂರೀನ್. ಗೊತ್ತು, ನೀನು ಬಸ್ಸಲ್ಲಿದ್ದಾಗ್ಲೇ ಸರ್ ನಂಗೆ ಫೋನ್ ಮಾಡಿ ಹೇಳಿದ್ರು ಎಂದಳು ನೂರೀನ್. ಗೊತ್ತಿತ್ತು, ಬಾಗಿಲಲ್ಲಿ ನಿಂತಾಗಲೂ ಗೊತ್ತಿತ್ತು, ತುಪ್ಪದನ್ನ ಬಡಿಸುವಾಗಲೂ, ಅಪ್ಪನ ಮಂಡಿ ವಿಚಾರಿಸುವಾಗಲೂ, ನಾಹಿದಾ ಆಂಟಿಗೂ ಗೊತ್ತೇ, ಸೊಗಡೈತಮ್ಮ ಎಂದಾಗ ಅವರು ನಕ್ಕಿದ್ದರೇ, ಚೈತ್ರಾ ಅಲ್ಲೇ ಸರ್‌ಗೆ ಫೋನು ಮಾಡಿದಳು, ತಂತಿ ನೂರೀನೇ ಸುತ್ತಿರೋದು ಸರ್, ನಾನು ಹೇಳಿದ್ದು ತಪ್ಪು, ಮುಂದಿನ ಸಲಕ್ಕೆ ಅವಳನ್ನೇ ಕಳಿಸಿ, ಆ ಕಡೆಯಿಂದ ಸರ್ ಕೆಮ್ಮಿದರು, ಕಂದರ ಎದ್ದಿದೆಯಲ್ಲಮ್ಮ, ಇನ್ನು ಕೆಲಸ ಜಾಸ್ತಿ, ಇಬ್ರೂ ಬರಬೇಕಾಗ್ತದೆ. ಪೂರ್ತಿ ಕೇಳಿಸಿಕೊಂಡ ನೂರೀನ್ ಬೆನ್ನು ತಿರುಗಿಸಿ ನಲ್ಲಿಯಲ್ಲಿ ಕೈ ತೊಳೆದುಕೊಳ್ಳುತ್ತ, ಹೋಗಣ ಬಿಡು, ಈ ಸಲ ತಂತಿ ನೀನೇ ಸುತ್ತು, ನಾನು ಪಕ್ಕದಲ್ಲೇ ನಿಂತ್ಕಂಡು ನೋಡ್ತೀನಿ ಎಂದಳು, ನಗುತ್ತಿದ್ದಾಳೆಯೇ, ನಗುತ್ತಿದ್ದರೆ ಹೆಗಲು ಅಲ್ಲಾಡಬೇಕಲ್ಲ, ಅಲ್ಲಾಡುತ್ತಿಲ್ಲ, ಕ್ಷಮಿಸಿದಳೋ, ಇನ್ನು ಮೇಲೆ ಪ್ರತಿ ಸಲವೂ ನೋಡುತ್ತಲೇ ಇರುತ್ತಾಳೋ, ತಿರುಗಿದರೆ ಗೊತ್ತಾಗುತ್ತದೆ, ತಿರುಗಲಿಲ್ಲ, ನಲ್ಲಿ ಸುರಿಯುತ್ತಿದೆ, ಚೈತ್ರಾಳ ಕೈಯಲ್ಲಿ ಫೋನಿನ ಪರದೆ ಇನ್ನೂ ಆರಿಲ್ಲ, ಬೂದು ಕೆಸರಿನೊಳಗೆ ಮಿನುಗುವ ತಂತಿ, ಎಡಕ್ಕೆ ಒಂದು ಸುತ್ತು, ಎಡಕ್ಕೆ ಇನ್ನೊಂದು, ತುದಿ ಒಳಕ್ಕೆ ಮಡಚಿದೆ, ಎಡಕ್ಕೆ —