ಸಾವ್ಕಾರ್ರ ವಿಟಮಿನ್ನು

"ಹೆಣದ ಮುಂದೆ ಹಲ್ಲು ಕಿರೀತೀರಲ್ರೇ, ಮುಂಡೇವಾ! ನಾಚ್ಕೆ ಆಗಲ್ವಾ?"

ಕಾಫಿ ತೋಟದ ಸಾವ್ಕಾರ್ರು ಬಸವಪ್ರಸಾದ್ ನಮ್ಮ ಕೂಲಿಯವರ ಲೈನ್ ಮನೆಯ ಅಂಗಳದಲ್ಲಿ ಕಿರುಚುತ್ತಿದ್ದರು. ನಮಗೋ ನಗು ತಡೆಯಲಾಗುತ್ತಿರಲಿಲ್ಲ. ಚಾಪೆಯ ಮೇಲೆ ನನ್ನತ್ತೆ ಸಿದ್ದಮ್ಮನ ಹೆಣ. ಸೊಸೆ ಕುಸುಮಾ, ಅಂದರೆ ನಾನು, ಬಿದ್ದು ಬಿದ್ದು ನಗುತ್ತಿದ್ದೇನೆ. ಅಳಬೇಕು ಅಂತ ಎದೆ ಒಡೆಯುತ್ತಿತ್ತು. ಆದರೆ ಬೆಳಿಗ್ಗೆ ಕಾಫಿ ಹಣ್ಣು ಕೊಯ್ಯಲು ಇಳಿಯುವ ಮೊದಲೇ ಮೇಸ್ತ್ರಿ ಎಲ್ಲರಿಗೂ ನೋವಿನ ಗುಳಿಗೆ ನುಂಗಿಸಿದ್ದ. ಅದು ಒಳಗೆ ಹೋದರೆ ಸೊಂಟ ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಸುಮ್ಮಸುಮ್ಮನೆ ನಗು ಉಕ್ಕುತ್ತದೆ. ಅತ್ತೆಗೆ ಒಂದು ಸಾಲುತ್ತಿರಲಿಲ್ಲ, ಕೇಳಿದಷ್ಟೂ ಕೊಟ್ಟ. ಗಿಡದ ಬುಡದಲ್ಲಿ ಗೊರಕೆ ಹೊಡೆಯತೊಡಗಿದಳು. ಪಾಪ, ಮಲಗಲಿ ಅಂತ ಅವಳ ಪಾಲಿನ ಗಿಡಗಳನ್ನೂ ನಾವೇ ಕೊಯ್ದೆವು. ತಿರುಗಿ ಬಂದು ನೋಡಿದರೆ ಉಸಿರಿಲ್ಲ.

"ಹಾರ್ಟ್ ನಿಂತಿದೆ ಅಷ್ಟೇ. ಬೇಗ ಸುಟ್ಟು ಕೆಲ್ಸಕ್ಕೆ ಇಳೀರಿ," ಅಂದರು ಸಾವ್ಕಾರ್ರು.

ಹೋದ ಕೊಯ್ಲಿನಲ್ಲಿ ಪಕ್ಕದ ತೋಟದ ಧರ್ಮೇಶ ಸತ್ತಾಗ ಕುಡಿದು ಸತ್ತ ಅಂದರು. ಅವನೋ, ಹೆಂಡದ ವಾಸನೆಗೇ ವಾಂತಿ ಮಾಡುವವನು! ಅದರಾಚೆಯ ತೋಟದಲ್ಲಿ ಸತ್ತವಳಿಗೆ ಗಾಳಿ ಸೋಕಿತ್ತಂತೆ. ವರ್ಷ ವರ್ಷ ಹೆಣ ಹೆಚ್ಚುತ್ತಿವೆ, ಗುಳಿಗೆಯ ಮಾತು ಯಾರೂ ಎತ್ತುವುದಿಲ್ಲ. ಅದು ಅಫೀಮಿನ ಜಾತಿ, ಜಾಸ್ತಿಯಾದರೆ ಉಸಿರಾಡೋದೇ ಮರೆತುಹೋಗ್ತದೆ ಎಂದು ಆಶಾ ಕಾರ್ಯಕರ್ತೆ ಭುವನಾ ಹೇಳಿದಾಗಲೂ ನಾವು ನಕ್ಕಿದ್ದೆವು.

"ಹೆಣ ಕುಯ್ಸಿ ನೋಡ್ಬೇಕು ಸಾವ್ಕಾರ್ರೆ. ಒಳಗೆ ನಿಮ್ ಗುಳಿಗೆ ಇರ್ತದೆ," ಅಂದೆ.

"ಅದು ಬರೀ ವಿಟಮಿನ್ನು ಕಣೇ!"

"ಹೌದಾ? ಹಂಗಾರೆ ನೀವೂ ಒಂದ್ ಹಿಡಿ ನುಂಗಿ ಮಾರಾಯ್ರೆ!"

ಅತ್ತೆಯ ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಗುಳಿಗೆಗಳನ್ನು ಅವರ ಮೂಗಿನಡಿ ಹಿಡಿದೆ. ಸಾವ್ಕಾರ್ರು ಹಿಂದೆ ಹಿಂದೆ ಸರಿದು ಬಕೆಟ್ ಎಡವಿ ದೊಪ್ಪನೆ ಕೂತರು. ಹೆಂಗಸರೆಲ್ಲ ಹೋ ಎಂದು ಕೇಕೆ ಹಾಕಿದರು.

ಹಣ್ಣಿನ ಮೂಟೆ ತುಂಬಿದ ಪಿಕಪ್ ಗಾಡಿ ಅಲ್ಲೇ ನಿಂತಿತ್ತು. ಡ್ರೈವರ್ ಮೋಹಿತ್ ನಮ್ಮ ಲೈನಿನವನೇ. ನಾವು ಮೇಲೆ ಹತ್ತಿ ಮೂಟೆ ಒಂದೊಂದೇ ಕೆಳಗೆಸೆದೆವು. ಮೂಟೆಗಳ ಬಾಯಿ ಬಿಚ್ಚಿಕೊಂಡು ಹಣ್ಣೆಲ್ಲ ಅಂಗಳದ ತುಂಬ ಉರುಳಿತು.

"ಹಣ್ಣು! ಅಯ್ಯೋ ನನ್ನ ಹಣ್ಣು!" ಸಾವ್ಕಾರ್ರು ಮಂಡಿಯೂರಿ ಧೂಳಿನಲ್ಲಿ ಬಾಚತೊಡಗಿದರು.

ಅತ್ತೆಯನ್ನು ಎತ್ತಿ ಗಾಡಿಯಲ್ಲಿ ಮಲಗಿಸಿ ಸುತ್ತ ಕೂತೆವು.

"ಮೂಡಿಗೆರೆ ದೊಡ್ಡಾಸ್ಪತ್ರೆಗೆ ಬಿಡೋ ಮೋಹಿತಾ!"

ಗೇಟಿನಲ್ಲಿ ಮೇಸ್ತ್ರಿ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಮೋಹಿತ್ ಬ್ರೇಕ್ ಮುಟ್ಟಲಿಲ್ಲ.