ಕೆಳಗೆ ನಿಂತವನ ಕೈ

"ನಾನು ಇಳಿದ ದಿನ ಆ ಕುರ್ಚಿ ನಿಂದೇ ಕಣೋ, ಬೇರೆ ಯಾರನ್ನೂ ಹತ್ತೋಕೆ ಬಿಡಲ್ಲ." ಹನ್ನೆರಡು ವರ್ಷದ ಹಿಂದೆ, ಲಿಮೋನ್ ಬಂದರಿನ ಕ್ರೇನಿನ ಬುಡದಲ್ಲಿ, ಆಸ್ಬರ್ನನ ಹೆಗಲ ಮೇಲೆ ಕೈಯಿಟ್ಟು ಸೆಲ್ವಿನ್ ಹೀಗೆಂದಿದ್ದ. ಅಂದಿನಿಂದ ಸೆಲ್ವಿನ್ ಮೇಲೆ ಕೂತು ಕ್ರೇನ್ ನಡೆಸಿದ, ಆಸ್ಬರ್ನ್ ಕೆಳಗೆ ನಿಂತು ಸನ್ನೆ ಮಾಡಿದ. ಮೇಲಿನವನಿಗೆ ಸರಕಿನ ಆಚೆ ಬದಿ ಕಾಣುವುದಿಲ್ಲ. ಕೆಳಗಿನವನ ಕೈಯೇ ಅವನ ಕಣ್ಣು. ಆ ಒಂದು ಕೈಯನ್ನು ಬಿಟ್ಟು ಮಿಕ್ಕವರು ಎಷ್ಟೇ ಕೂಗಿದರೂ ಕಿವಿಗೊಡಬಾರದು ಎಂಬುದು ಆ ಬಂದರಿನವರ ಕಟ್ಟಳೆ.

ಈ ವರ್ಷ ಈಸ್ಟರ್ ಕಳೆದ ಮೇಲೆ ಸೆಲ್ವಿನ್ ನಿವೃತ್ತನಾದ. ಕುರ್ಚಿ ಹತ್ತಿದವನು ಅವನ ಅಳಿಯ ಕ್ಲೀವನ್.

"ಮಗಳು ಅತ್ಲು ಕಣೋ, ನಾನೇನ್ ಮಾಡ್ಲಿ?" ಎಂದ ಮುದುಕ, ಮುಖ ಕೊಡದೆ.

"ಮೊದ್ಲೇ ಹೇಳಿದ್ರೆ ನಾನೂ ಅಳ್ತಿದ್ದೆ, ಯಜಮಾನ್ರೆ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಆಸ್ಬರ್ನ್ ನಗಲಿಲ್ಲ.

ಮನೆಯಲ್ಲಿ ಹೆಂಡತಿ ಎನಿಡ್ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ಕಾಳು ಬಡಿಸುತ್ತ, "ಆ ಹುಡುಗನ ಅಂಗಿ ಸಂಜೆವರೆಗೂ ಇಸ್ತ್ರಿ ಮಾಡಿದ ಹಾಗೇ ಇರುತ್ತಂತೆ. ನಿಮ್ಮದನ್ನ ಹಿಂಡಿದ್ರೆ ಅರ್ಧ ಬಕೆಟ್ ಉಪ್ಪುನೀರು," ಎಂದಳು. ತಮಾಷೆಗೆ ಅಂದದ್ದು. ಆದರೆ ಮರುದಿನದಿಂದ ಆಸ್ಬರ್ನನ ಕಣ್ಣಿಗೆ ಬಿದ್ದದ್ದು ಆ ಅಂಗಿಯೊಂದೇ. ಸುಡುವ ಕಾಂಕ್ರೀಟಿನ ಮೇಲೆ ನಿಂತು ಕತ್ತೆತ್ತಿದರೆ, ಕ್ರೇನಿನ ತಣ್ಣನೆ ಗೂಡಿನ ಗಾಜಿನ ಹಿಂದೆ ಬೆಳ್ಳಗೆ, ಒಣಗಿ ಗರಿಗರಿಯಾಗಿ.

ಅವನು ಏನೂ ಕೆಟ್ಟದ್ದು ಮಾಡಲಿಲ್ಲ. ಸನ್ನೆಯನ್ನು ಕೊಂಚ ಚಿಕ್ಕದು ಮಾಡಿದ, ಅಷ್ಟೇ. ತೋಳು ಪೂರಾ ಚಾಚುವ ಕಡೆ ಮೊಣಕೈವರೆಗೆ, ಮೊಣಕೈ ಆಡಿಸುವ ಕಡೆ ಮಣಿಕಟ್ಟು ಮಾತ್ರ. ಕ್ಲೀವನ್ ತಡವರಿಸಿದ. ಸರಕು ಸೊಟ್ಟಗೆ ಕೂತಿತು. ಮೇಸ್ತ್ರಿ ಬೈದ. "ಮಾವನ ಕುರ್ಚಿ ಸಿಕ್ತು, ಮಾವನ ಕೈ ಸಿಗ್ಲಿಲ್ಲ," ಎಂದು ಕೂಲಿಯವರು ಆಡಿಕೊಂಡರು. ಆಸ್ಬರ್ನನಿಗೆ ಅಂದು ಊಟ ರುಚಿಸಿತು.

"ಅಣ್ಣ, ನನ್ನ ಕಣ್ಣೇ ಮಂಜಾಗಿದ್ಯಾ ಅಂತ ಅನುಮಾನ," ಎಂದ ಕ್ಲೀವನ್ ಒಂದು ಮಧ್ಯಾಹ್ನ, ಶುಂಠಿ ಬೆಲ್ಲದ ನೀರಿನ ಲೋಟವನ್ನು ಅವನತ್ತ ಚಾಚಿ. "ನಿಮ್ ಕೈ ಸರಿಯಾಗಿ ಕಾಣ್ತಿಲ್ಲ. ಕನ್ನಡಕ ಹಾಕಿಸ್ಕೊಳ್ಳಲಾ?"

"ಹಾಕಿಸ್ಕೋ," ಎಂದ ಆಸ್ಬರ್ನ್.

ಗುರುವಾರ ಕಬ್ಬಿಣದ ಕೊಳವೆಗಳ ಹೊರೆ ಇಳಿಯುತ್ತಿತ್ತು. ಕೊಕ್ಕೆ ಹಾಕುವ ಹೊರೇಸ್, ಅಡಿಗಿಟ್ಟ ಮರದ ತುಂಡು ಓರೆಯಾದದ್ದನ್ನು ಕಂಡು ಸರಿಪಡಿಸಲು ಹೊರೆಯ ಕೆಳಗೆ ಕಾಲಿಟ್ಟು ಬಗ್ಗಿದ. ನಿಲ್ಲಿಸು ಎನ್ನಲು ಎರಡೂ ತೋಳು ಅಗಲಕ್ಕೆ ಚಾಚಬೇಕು. ಆಸ್ಬರ್ನ್ ಕೈ ಎತ್ತಿದ. ಎಷ್ಟೋ ವಾರದಿಂದ ರೂಢಿಯಾದಷ್ಟೇ ಅದು ಎದ್ದಿತು. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು. ಸುತ್ತಲಿನ ಕೂಲಿಯವರೆಲ್ಲ ಬೊಬ್ಬೆ ಹೊಡೆದರು. ಕಟ್ಟಳೆಯಂತೆ ಕ್ಲೀವನ್ ಅದಕ್ಕೆ ಕಿವಿಗೊಡದೆ ಆ ಒಂದು ಕೈಯನ್ನೇ ನೋಡುತ್ತ ಹೊರೆ ಇಳಿಸಿದ.

ಹೊರೇಸನ ಬಲಪಾದವನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು.

ಸೋಮವಾರ ವಿಚಾರಣೆ. ಬಾಗಿಲ ಬಳಿ ಸೆಲ್ವಿನ್ ಟೋಪಿ ಹಿಸುಕುತ್ತ ಕೂತಿದ್ದ. ಮೇಜಿನ ಆಚೆ ಕೂತ ಅಧಿಕಾರಿಗಳು ಕೇಳುವ ಮೊದಲೇ ಕ್ಲೀವನ್ ಎದ್ದ.

"ಅಣ್ಣನ ಕೈ ಹನ್ನೆರಡು ವರ್ಷದಲ್ಲಿ ಒಂದ್ಸಲನೂ ತಪ್ಪಿಲ್ಲ ಸಾರ್, ನಮ್ಮಾವನೇ ಹೇಳ್ತಾರೆ. ನಾನೇ ಸರಿಯಾಗಿ ನೋಡ್ಲಿಲ್ಲ."

"ಸನ್ನೆ ಪೂರಾ ಕೊಟ್ಟೆಯೇನಪ್ಪ?" ಎಂದು ಆಸ್ಬರ್ನನನ್ನು ಕೇಳಿದರು.

ಕ್ಲೀವನ್ ಅವನನ್ನೇ ನೋಡುತ್ತಿದ್ದ, ಕೈಗಾಗಿ ಕಾಯುವವನಂತೆ. ಆಸ್ಬರ್ನನ ಅಂಗಿ ಎಂದಿನಂತೆ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಕೊಟ್ಟೆ," ಎಂದ ಆಸ್ಬರ್ನ್. "ಪೂರಾ ಕೊಟ್ಟೆ."

ಮುಂದಿನ ವಾರ ಆಸ್ಬರ್ನ್ ಎಪ್ಪತ್ತೆರಡು ಮೆಟ್ಟಿಲು ಹತ್ತಿ ಗಾಜಿನ ಹಿಂದೆ ಕೂತ. ಕೆಳಗೆ ಸನ್ನೆಗೆ ನಿಲ್ಲಿಸಿದ್ದು ಕ್ಲೀವನನ್ನು. ಅವನು ಕತ್ತೆತ್ತಿ ಹೊಸ ಕನ್ನಡಕ ಸರಿಮಾಡಿಕೊಂಡು, ಸಣ್ಣ ಸನ್ನೆಗೂ ತೋಳುಗಳನ್ನು ಭುಜದಿಂದಲೇ ಚಾಚುತ್ತಿದ್ದ, ಕುರುಡನಿಗೂ ಕಾಣುವಷ್ಟು ಅಗಲಕ್ಕೆ.

ಸೆಲ್ವಿನ್ ಕೊಟ್ಟ ಮಾತು ನಡೆಯಿತು.