ಹನ್ನಾಬಾಯಿಯ ಹೆಸರಿನ ಕಾಗದ

ನಮ್ಮ ಮೇಲಿನ ಮನೆಯ ಶೆರ್ಲಿ ಪೇಣಕರ ಠಾಣೆ ಕಡೆಯ ಯಹೂದಿಗಳು, ಮನೆಮಾತು ಮರಾಠಿ. ಅವರ ಮಗಳು ಹೆತ್ತಾಗ, ಕೂಸಿಗೆ ತೀರಿಹೋದ ತಮ್ಮ ತಾಯಿ ಹನ್ನಾಬಾಯಿಯ ಹೆಸರಿಡುತ್ತೇವೆ, ಗೋಡೆಗೊಂದು ಕಾಗದ ಕತ್ತರಿಸಿಕೊಡು ಎಂದು ನನ್ನನ್ನು ಕೇಳಿದರು. ಮದುವೆ, ನಾಮಕರಣಗಳಿಗೆ ಹೀಗೆ ಹೆಸರು ಕತ್ತರಿಸಿದ ಕಾಗದ ತೂಗುಹಾಕುವುದು ಯಹೂದಿಗಳಲ್ಲುಂಟು. ಅವರ ನೆಂಟರಿಗೂ ನಾನೇ ಮಾಡಿಕೊಟ್ಟಿದ್ದೇನೆ.

ಒಂದೇ ಹಾಳೆ. ಮಡಚಿ ಕತ್ತರಿಸಿದರೆ ದಾಳಿಂಬೆ, ಹಕ್ಕಿ ಎರಡೂ ಬದಿ ಸರಿಯಾಗಿ ಬರುತ್ತವೆ. ಬಿಡಿಸಿದ ಮೇಲೆ ನಡುವೆ ಅಕ್ಷರ. ನನಗೆ ಹೀಬ್ರೂ ಓದಲು ಬಾರದು. ಶೆರ್ಲಿ ಬರೆದುಕೊಟ್ಟದ್ದರ ಮೇಲೆ ಬ್ಲೇಡು ಓಡಿಸುತ್ತೇನೆ. ನನ್ನ ಮಗಳು ಶಾಲೆಗೆ ಹೋದ ಮೇಲೆ, ಬೇಳೆ ಬೇಯುವಷ್ಟು ಹೊತ್ತು, ದಿನಕ್ಕೆರಡೇ ಅಕ್ಷರ.

ಮುಗಿದದ್ದನ್ನು ಚೌಕಟ್ಟು ಹಾಕಲು ಮೆಹದಿಪಟ್ಟಣಂನ ಚಂದ್ರಹಾಸನಿಗೆ ಕೊಟ್ಟೆ. ಈ ತೆಲುಗು ಊರಿನಲ್ಲಿ ಅವನು ಬೀದರಿನವನು, ನಮ್ಮ ಮಾತಿನವನು ಎಂಬ ನಂಬಿಕೆ.

ನಾಮಕರಣ ಭಾನುವಾರ. ಗುರುವಾರ ನಾನೂ ಶೆರ್ಲಿಯೂ ತರಲು ಹೋದೆವು. ಅಂಗಡಿಯ ಗೋಡೆ ತುಂಬ ನನ್ನ ಕಾಗದವೇ! ಎಲ್ಲಕ್ಕೂ ಚೌಕಟ್ಟು. ನಾನು ಕೊಟ್ಟದ್ದು ಬೇರೆಯಾಗಿ ಮೇಜಿನ ಮೇಲಿತ್ತು.

"ಅಕ್ಕಾರ, ನಿಮ್ಮ ಡಿಸೈನ್ ಭಾಳ ಛಲೋ ಇತ್ತು. ಬಾಲಾನಗರದಾಗ ಲೇಸರ್ ಮಷೀನ್ ಮ್ಯಾಗ ಹನ್ನೆರಡು ತೆಗಿಸೀನಿ. ಏನ್ ಫಿನಿಶಿಂಗ್ ಅಂತೀರಿ!"

"ಯಾರನ್ನ ಕೇಳಿ ತೆಗಿಸಿದ್ರಿ?"

"ಬೇಲ್‌ಬೂಟಾ, ಹೂಬಳ್ಳಿ ಚಿತ್ತಾರಕ್ಕ ಯಾರನ್ನ ಕೇಳ್ತಾರ್ರಿ?"

"ಬೇಲ್‌ಬೂಟಾ ಅಲ್ಲ, ಕೂಸಿನ ಹೆಸರು ಅದು. ನಿಮ್ಮವ್ವನ ಹೆಸರು ಹಿಂಗ ಮಂದಿ ಮನೀಗೆ ಮಾರ್ತೀರೇನು?"

"ಇಲ್ಲಿ ಓದಾಕ ಯಾರಿಗೆ ಬರ್ತೈತ್ರಿ?" ಎಂದು ನಕ್ಕ.

ಆ ನಗೆಗೆ ನನ್ನ ಮೈಯೆಲ್ಲ ಉರಿಯಿತು. ಶೆರ್ಲಿ ಗೋಡೆಯ ಮೇಲಿನವನ್ನು ಎಣಿಸಿ, "ಹನ್ನೊಂದೇ ಇವೆ," ಎಂದರು.

"ಒಂದು ಬಾಜೂಕಿನ ಬಿರಿಯಾನಿ ಹೋಟೆಲಿಗೆ ಹೋತ್ರಿ. ಕೈ ತೊಳಿಯೋ ಕಡೆ ಹಾಕ್ಯಾರ, ಮಸ್ತ್ ಕಾಣಸ್ತೈತಿ."

ಗೋಡೆಯ ಮೇಲಿನದೊಂದನ್ನು ಕಿತ್ತು ಹರಿಯಲು ಕೈ ಚಾಚಿದೆ. ಶೆರ್ಲಿ ನನ್ನ ಕೈ ಹಿಡಿದರು.

"ಬೇಡ, ಮೃಣಾಲಿನಿ. ಕೆಳಗಿನ ಸಾಲಿನಲ್ಲಿ ದೇವರ ಹೆಸರಿದೆ. ಅಂಥ ಕಾಗದ ನಾವು ಹರಿಯುವುದಿಲ್ಲ, ಕಸಕ್ಕೂ ಹಾಕುವುದಿಲ್ಲ. ಸ್ಮಶಾನದಲ್ಲಿ ಹೂಳುತ್ತೇವೆ."

ಕೂಸಿಗೆ ಹೆಸರಿಡುವ ಮೊದಲೇ ಆ ಹೆಸರನ್ನು ಹನ್ನೆರಡು ಸಲ ಮಣ್ಣು ಮಾಡಬೇಕು! ಶೆರ್ಲಿಯ ಕಣ್ಣುಗಳು ತುಂಬಿದ್ದವು. ಚಂದ್ರಹಾಸ ಮಾತ್ರ ಆಗಷ್ಟೇ ಒಳಬಂದ ಗಿರಾಕಿಗಳ ಕಡೆ ನೋಡುತ್ತಿದ್ದ.

"ಇಳಿಸ್ರಿ," ಎಂದೆ.

"ನಾಳೆ ಇಳಸ್ತೀನಿ ಅಕ್ಕಾರ, ಗಿರಾಕಿ ಟೈಮ್ ಐತಿ."

"ಈಗ. ಒಂದೊಂದಾಗಿ, ಎರಡೂ ಕೈಲೆ. ಆಮ್ಯಾಲ ಹೋಟೆಲಿಗೆ ನಡೀರಿ."

ನನ್ನ ದನಿಗೆ ಗಿರಾಕಿಗಳೇ ಹಿಂದೆ ಸರಿದರು. ಚಂದ್ರಹಾಸ ಹನ್ನೊಂದನ್ನೂ ಇಳಿಸಿ, ಬಟ್ಟೆಯಲ್ಲಿ ಸುತ್ತಿ ಶೆರ್ಲಿಯ ಕೈಗೆ ಕೊಟ್ಟ. ಹೋಟೆಲಿನಲ್ಲಿ ಆ ಚೌಕಟ್ಟಿನ ಗಾಜಿನ ಮೇಲೆ ಯಾರೋ ಕೊಡವಿದ ಎಣ್ಣೆನೀರಿನ ಹನಿಗಳು. ಶೆರ್ಲಿ ತಲೆಯ ಮೇಲೆ ಸೆರಗೆಳೆದುಕೊಂಡರು. ಚಂದ್ರಹಾಸ ಗುಟ್ಕಾ ಹತ್ತಿದ ಬೆರಳು ಚಾಚಿದ.

"ಮೊದಲು ಕೈ ತೊಳ್ಕೋರಿ," ಎಂದೆ. "ಆಮ್ಯಾಲ ಮುಟ್ರಿ."